ವೈಮಾನಿಕನ ಮುಂದಿರುವ ಹಾದಿಗಳು

ಓದು ಮುಗಿದ ಮೇಲೆ ಏನು ಮಾಡುವಿರೆಂದು ನಮ್ಮ ಸಹಪಾಠಿಗಳನ್ನು ಕೇಳಿದರೆ, ಬಹುಮಂದಿ ಉಪಾಧ್ಯಾಯವೃತ್ತಿ, ಬ್ಯಾಂಕು, ಇಲ್ಲವೆ ಸರ್ಕಾರಿ ಪರೀಕ್ಷೆ ಎನ್ನುತ್ತಾರೆ. ಎಲ್ಲೋ ಒಬ್ಬಿಬ್ಬರು ಸ್ವಲ್ಪ ಸಂಕೋಚದಿಂದ ‘ಪೈಲಟ್’ ಎನ್ನುವುದುಂಟು. ಅವರ ಕಣ್ಣಮುಂದಿರುವ ಚಿತ್ರ ಸಾಮಾನ್ಯವಾಗಿ ಒಂದೇ: ಬಿಳಿಯ ಅಂಗಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ಹಿಂದೆ ಭಾರಿ ಪ್ರಯಾಣಿಕ ವಿಮಾನ. ಈ ಒಂದು ಚಿತ್ರವನ್ನೇ ನಂಬಿ ಮಕ್ಕಳಿಗಾಗಿ ಹೊಲಮನೆಗಳನ್ನು ಒತ್ತೆಯಿಟ್ಟ ತಂದೆತಾಯಿಗಳೂ ಉಂಟು. ಆದ್ದರಿಂದ ವಿಮಾನ ನಡೆಸುವ ವಿದ್ಯೆಯಿಂದ ಯಾವ ಯಾವ ಬದುಕುಗಳು ಸಾಧ್ಯ, ಅವುಗಳಲ್ಲಿ ಯಾವುದರ ಬೆಲೆ ಏನು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ. ಈ ವೃತ್ತಿ ಒಂದೇ ಕೊಂಬೆಯ ಮರವಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಈ ವೃತ್ತಿ ಮೊದಲಾದುದು ಜನರನ್ನು ಹೊತ್ತಲ್ಲ, ಕಾಗದಗಳನ್ನು ಹೊತ್ತು. 1929ರಲ್ಲಿ ಪೈಲಟ್ ಲೈಸೆನ್ಸು ಪಡೆದ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಒಂದು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ಪ್ರಯಾಣಿಕರ ಕಂಪೆನಿಗಳು ಬೆಳೆದದ್ದು ಆ ಮೇಲೆ. ವೈಮಾನಿಕನೆಂದರೆ ಪ್ರಯಾಣಿಕರ ಸಾರಥಿಯೆಂದಷ್ಟೇ ತಿಳಿಯುವುದು ಈ ವೃತ್ತಿಯ ಚರಿತ್ರೆಗೂ ಒಪ್ಪದು.

ಮೊದಲು ಬಾಗಿಲಿನ ವಿಚಾರ. ಬಾಡಿಗೆಗೆ, ಸಂಬಳಕ್ಕೆ ವಿಮಾನ ನಡೆಸಬೇಕಾದರೆ ವಾಣಿಜ್ಯ ಪೈಲಟ್ ಲೈಸೆನ್ಸು ಬೇಕು. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕು. 200 ಗಂಟೆಗಳಷ್ಟು ಹಾರಾಟ ಮಾಡಿರಬೇಕು. ಮಾರ್ಗನಿರ್ಣಯ, ಹವಾಮಾನ, ವಿಮಾನಯಾನದ ಕಾನೂನು, ಯಂತ್ರಜ್ಞಾನ ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು. ವೈದ್ಯರು ಒಂದನೆಯ ದರ್ಜೆಯ ಆರೋಗ್ಯಪತ್ರ ಕೊಟ್ಟಿರಬೇಕು. ಕನ್ನಡಕ ಹಾಕಿದವರಿಗೆ ದಾರಿ ಮುಚ್ಚಿತೆಂಬ ಮಾತು ನಾಗರಿಕ ವಿಮಾನಯಾನದ ಮಟ್ಟಿಗೆ ನಿಜವಲ್ಲ. ದೃಷ್ಟಿ ಕನ್ನಡಕದಿಂದ ಸರಿಹೋಗುವಂತಿದ್ದರೆ ಸಾಕು. ದೊಡ್ಡ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸಿಗಾದರೋ 1500 ಗಂಟೆಗಳ ಹಾರಾಟ ಬೇಕು. ನಮ್ಮಂತಹ ಕಲಾವಿಭಾಗದವರಿಗೆ ಇಲ್ಲೊಂದು ತೊಡಕುಂಟು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತಗಳನ್ನು ಓದಿರಬೇಕೆಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಹಾಗೆ ಓದದವರು ಮುಕ್ತಶಾಲೆಯ ಮೂಲಕ ಆ ಎರಡು ವಿಷಯಗಳ ಪರೀಕ್ಷೆಗೆ ಕುಳಿತು ಪಾಸಾಗಿ ಬರುವ ಪದ್ಧತಿಯಿದೆ. ಆದುದರಿಂದ ಇತಿಹಾಸವನ್ನೋ ಕನ್ನಡವನ್ನೋ ಆರಿಸಿಕೊಂಡವನು ನೆಲಕ್ಕೇ ಅಂಟಿಕೊಂಡನೆಂದು ನಿರಾಶನಾಗಬೇಕಿಲ್ಲ.

ನಿಜವಾದ ತೊಡಕು ಹಣದ್ದು. ಲೈಸೆನ್ಸು ಕೈಸೇರುವುದರೊಳಗೆ ನಲವತ್ತು ಐವತ್ತು ಲಕ್ಷ ರೂಪಾಯಿ ಕರಗುವುದು ಈಚೆಗೆ ಸಾಮಾನ್ಯವಾಗಿದೆ. ಅದಾದ ಮೇಲೆ ಇಂತಹದೇ ಮಾದರಿಯ ದೊಡ್ಡ ವಿಮಾನವನ್ನು ನಡೆಸಬಲ್ಲನೆಂಬ ಅರ್ಹತೆಗೆ ಮತ್ತೆ ಲಕ್ಷಗಟ್ಟಲೆ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಒಂದೆರಡು ವರ್ಷಗಳಲ್ಲೇ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಉತ್ತರಪ್ರದೇಶದ ಫುರ್ಸತ್‌ಗಂಜಿನಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ, ಇವು ಸರ್ಕಾರದ ಆಶ್ರಯದ ಶಾಲೆಗಳು. ಖಾಸಗಿ ಶಾಲೆಗಳು ಅನೇಕ. ಎಲ್ಲಿ ಕಲಿತರೂ ಲೈಸೆನ್ಸು ಕೆಲಸವನ್ನು ಗೊತ್ತುಮಾಡಿ ಕೊಡುವ ಚೀಟಿಯಲ್ಲ. ಬೆಂಗಳೂರಿನಲ್ಲೇ ನೋಂದಾಯಿತ ಕಛೇರಿಯಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ನಿಂತುಹೋಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ಹಾರಾಟ ನಿಲ್ಲಿಸಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಪ್ರತಿಸಲವೂ ಒಂದೇ ದಿನಕ್ಕೆ ನೂರಾರು ಮಂದಿ ಅನುಭವಿಗಳು ಕೆಲಸ ಹುಡುಕುವವರ ಸಾಲಿಗೆ ಬಂದು ನಿಂತರು. ಅವರ ಹಿಂದೆ ನಿಂತ ಹೊಸ ಹುಡುಗರ ಗತಿಯನ್ನು ಊಹಿಸಬಹುದು. ಸಾಲದ ಬಡ್ಡಿಯಂತೂ ಯಾರಿಗೂ ಕಾಯುವುದಿಲ್ಲ.

ಹಾಗೆಂದು ಪ್ರಯಾಣಿಕ ವಿಮಾನಗಳ ಕೆಲಸವನ್ನು ಹಳಿಯಬೇಕಾಗಿಲ್ಲ. ಸಂಬಳ ಹೆಚ್ಚು; ಗೌರವವೂ ಹೆಚ್ಚು. ಹೊಸಬನು ಸಹವೈಮಾನಿಕನಾಗಿ ಕ್ಯಾಪ್ಟನ್ನನ ಪಕ್ಕದಲ್ಲಿ ಕುಳಿತು ಕೆಲವು ವರ್ಷ ಕೆಲಸಮಾಡಿ, ಗಂಟೆಗಳನ್ನು ಕೂಡಿಸಿಕೊಂಡು, ಎಡಗಡೆಯ ಆಸನಕ್ಕೆ ಬರುತ್ತಾನೆ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಕೂಡದೆಂಬ ಕಟ್ಟುಂಟು. ಅದು ಕಡಮೆಯೆಂದು ತೋರಬಹುದು; ಆದರೆ ನಡುರಾತ್ರಿ ಎದ್ದು ಹೊರಡುವುದು, ಹಬ್ಬದ ದಿನ ಬೇರೊಂದು ಊರಿನ ಹೋಟೆಲಿನಲ್ಲಿರುವುದು, ಇವು ಆ ಲೆಕ್ಕದಲ್ಲಿ ಸೇರುವುದಿಲ್ಲ. ದೊಡ್ಡ ಕಂಪೆನಿಗಳ ಜೊತೆಗೆ ಸಣ್ಣ ಊರುಗಳನ್ನು ಸೇರಿಸುವ ಸಣ್ಣ ವಿಮಾನಗಳೂ ಇವೆ. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ಬೆಂಗಳೂರು ಹುಬ್ಬಳ್ಳಿಗಳ ನಡುವೆ ಅಂತಹ ವಿಮಾನವನ್ನು ಹಾರಿಸಿ, ಸಾಮಾನ್ಯರೂ ಆಕಾಶಮಾರ್ಗದಲ್ಲಿ ಹೋಗಬಹುದೆಂದು ತೋರಿಸಿತು. 2019ರಲ್ಲಿ ಕಲಬುರಗಿಯಲ್ಲೂ 2023ರಲ್ಲಿ ಶಿವಮೊಗ್ಗದಲ್ಲೂ ವಿಮಾನ ನಿಲ್ದಾಣಗಳು ತೆರೆದುವು. ಸಣ್ಣ ವಿಮಾನದಲ್ಲಿ ಕಲಿತವನಿಗೆ ದಿನಕ್ಕೆ ಹಲವು ಬಾರಿ ಏರಿಳಿಯುವ ಅಭ್ಯಾಸ ಬೇಗ ಕೈಹತ್ತುತ್ತದೆ.

ಹಣವಿಲ್ಲದವರಿಗೆ ತೆರೆದಿರುವ ಹೆದ್ದಾರಿಯೆಂದರೆ ವಾಯುಸೇನೆ. ಅಲ್ಲಿ ಕಲಿಕೆಯ ಖರ್ಚನ್ನು ಸರ್ಕಾರವೇ ವಹಿಸುತ್ತದೆ. ಯಾವ ವಿಷಯದಲ್ಲಿ ಪದವಿ ಪಡೆದವರೂ, ಹನ್ನೆರಡರಲ್ಲಿ ಗಣಿತ ಭೌತಶಾಸ್ತ್ರಗಳಿದ್ದು ಅಂಕಗಳು ಸಾಕಷ್ಟಿದ್ದರೆ, ವಾಯುಸೇನೆಯ ಪ್ರವೇಶಪರೀಕ್ಷೆಗೆ ಕುಳಿತುಕೊಳ್ಳಬಹುದು. ಎನ್.ಸಿ.ಸಿ. ವಾಯುದಳದಲ್ಲಿ ‘ಸಿ’ ಸರ್ಟಿಫಿಕೇಟು ಪಡೆದವರಿಗೆ ಪ್ರತ್ಯೇಕವಾದೊಂದು ಪ್ರವೇಶಮಾರ್ಗವೂ ಉಂಟು. ಹೈದರಾಬಾದಿನ ಬಳಿಯ ದುಂಡಿಗಲ್ಲಿನಲ್ಲಿ ಮೊದಲ ಪಾಠ. ಯುದ್ಧವಿಮಾನಕ್ಕೆ ಆಯ್ಕೆಯಾದವರಲ್ಲಿ ಅನೇಕರು ನಮ್ಮ ಬೀದರಿನ ವಾಯುನೆಲೆಯಲ್ಲಿ ಹಾಕ್ ಜೆಟ್ ವಿಮಾನಗಳ ಮೇಲೆ ಕೈ ಪಳಗಿಸಿಕೊಂಡವರು. ಈ ದಾರಿ ಹೆಣ್ಣುಮಕ್ಕಳಿಗೂ ತೆರೆದಿದೆ. ಸ್ವಾತಂತ್ರ್ಯದ ಹೊತ್ತಿಗೇ ವಾಣಿಜ್ಯ ಲೈಸೆನ್ಸು ಪಡೆದ ಪ್ರೇಮ್ ಮಾಥುರ್ ಅವರು ಡೆಕ್ಕನ್ ಏರ್‌ವೇಸ್‌ನಲ್ಲಿ ಕೆಲಸ ಮಾಡಿದರು. 1966ರಲ್ಲಿ ದುರ್ಬಾ ಬ್ಯಾನರ್ಜಿಯವರು ಇಂಡಿಯನ್ ಏರ್‌ಲೈನ್ಸಿನ ಮೊದಲ ಮಹಿಳಾ ವೈಮಾನಿಕರಾದರು. ಯುದ್ಧವಿಮಾನಗಳ ಬಾಗಿಲು ಅವರಿಗೆ ತೆರೆದದ್ದು ಮಾತ್ರ 2016ರಲ್ಲಿ. ಸೈನ್ಯದ ಬದುಕಿಗೆ ಅದರದೇ ಆದ ಬೆಲೆಯುಂಟು. ಸ್ವಂತ ಇಷ್ಟಾನಿಷ್ಟಗಳನ್ನು ಬದಿಗಿಟ್ಟು ಹಲವು ವರ್ಷ ದೇಶದ ಕೆಲಸಕ್ಕೆ ಕಟ್ಟುಬೀಳಬೇಕು. ಸಂಬಳದ ಲೆಕ್ಕವೊಂದನ್ನೇ ಇಟ್ಟುಕೊಂಡು ಅಲ್ಲಿಗೆ ಹೋಗತಕ್ಕದ್ದಲ್ಲ.

ವಾಯುಸೇನೆಯಿಂದ ಕವಲೊಡೆದ ಅತ್ಯಂತ ಕಠಿಣವಾದ ಹಾದಿ ಪರೀಕ್ಷಾ ವೈಮಾನಿಕನದು. ಹೊಸ ವಿಮಾನವನ್ನು ಮೊದಲು ಮೇಲೇರಿಸಿ, ಕಾಗದದ ಮೇಲಿನ ಲೆಕ್ಕ ಗಾಳಿಯಲ್ಲಿ ನಿಲ್ಲುವುದೇ ಎಂದು ನೋಡುವುದು ಅವನ ಕೆಲಸ. ಭಾರತದಲ್ಲಿ ಇದರ ಮನೆ ಬೆಂಗಳೂರು. 1940ರಲ್ಲಿ ಇಲ್ಲಿ ಹುಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಾದ ಮಾರುತ್ ಯುದ್ಧವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಅದೇ ಮಾದರಿಯ ವಿಮಾನವನ್ನು ಪರೀಕ್ಷಿಸುತ್ತಿರುವಾಗ ಅವರು ಮೃತರಾದರು; ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. 2009ರ ಮಾರ್ಚಿಯಲ್ಲಿ ಸಾರಸ್ ಎಂಬ ವಿಮಾನ ಬಿಡದಿಯ ಬಳಿ ಬಿದ್ದು ಇಬ್ಬರು ಪರೀಕ್ಷಾ ವೈಮಾನಿಕರೂ ಒಬ್ಬ ಇಂಜಿನಿಯರೂ ಪ್ರಾಣ ತೆತ್ತರು. ಈ ಕೆಲಸಕ್ಕೆ ಬರಿಯ ಧೈರ್ಯ ಸಾಲದು. ಕಂಡದ್ದನ್ನು ಕಂಡಂತೆಯೇ, ಅಳೆದು, ಬರೆದು ಒಪ್ಪಿಸುವ ಶಿಸ್ತು ಬೇಕು. 1984ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದ ರಾಕೇಶ್ ಶರ್ಮ ಅವರು ಆ ಮೇಲೆ ಪರೀಕ್ಷಾ ವೈಮಾನಿಕರಾಗಿ ದುಡಿದರು. 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಶುಭಾಂಶು ಶುಕ್ಲಾ ಅವರೂ ಪರೀಕ್ಷಾ ವೈಮಾನಿಕರೇ.

ಇನ್ನು ಹೆಚ್ಚು ಮಂದಿಗೆ ತಿಳಿಯದ ಕಾಲುದಾರಿಗಳು. ಮುಂಬಯಿಯ ಆಚೆ ಸಮುದ್ರದ ನಡುವಿನ ಎಣ್ಣೆಬಾವಿಗಳಿಗೆ ಕೆಲಸಗಾರರನ್ನು ಒಯ್ದು ತರುವ ಹೆಲಿಕಾಪ್ಟರುಗಳಿವೆ. ರೋಗಿಗಳನ್ನು ಸಾಗಿಸುವ ವಿಮಾನಗಳಿವೆ. ನೆಲದ ಚಿತ್ರ ತೆಗೆಯುವ, ಖನಿಜಗಳ ಜಾಡು ಹಿಡಿಯುವ ವಿಮಾನಗಳಿವೆ. ವಿಮಾನ ನಿಲ್ದಾಣಗಳ ಪ್ರಾಧಿಕಾರದಲ್ಲಿ ಒಂದು ಪುಟ್ಟ ತಂಡವುಂಟು. ಮಂಜು ಮಳೆಗಳಲ್ಲಿ ವಿಮಾನಗಳನ್ನು ಇಳಿದಾರಿಗೆ ಕರೆತರುವ ರೇಡಿಯೋ ಸಂಕೇತಗಳು ನೇರವಾಗಿವೆಯೇ ಎಂದು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹಾರಿ ಅಳೆಯುವುದು ಅವರ ಕೆಲಸ. ಅವರ ಹೆಸರು ಯಾವ ಪ್ರಯಾಣಿಕನಿಗೂ ತಿಳಿಯದು. ಎಲ್ಲ ಪ್ರಯಾಣಿಕರೂ ಅವರಿಗೆ ಋಣಿಗಳು. ನಮ್ಮ ರಾಜ್ಯದಲ್ಲಿ 2003ರಲ್ಲೂ 2017ರಲ್ಲೂ ಸರ್ಕಾರವು ಮೋಡಬಿತ್ತನೆ ಮಾಡಿಸಿತು. ಉಳಿದ ವೈಮಾನಿಕರು ಮಳೆಮೋಡವನ್ನು ಕಂಡು ದೂರ ಸರಿದರೆ, ಈ ಕೆಲಸದವನು ಅದನ್ನು ಹುಡುಕಿಕೊಂಡು ಹೋಗಿ ಅದರ ಅಂಚಿನಲ್ಲೋ ಬುಡದಲ್ಲೋ ಲವಣದ ಕಣಗಳನ್ನು ಬಿಡಬೇಕು.

ಗಿಡಗಳಿಗೆ ಔಷಧಿ ಚಿಮುಕಿಸುವ ಕೆಲಸವೂ ವೈಮಾನಿಕನದೇ. ಇಲ್ಲಿ ಒಂದು ಕಹಿಯಾದ ಪಾಠವಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಸುಮಾರು 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ತೋಟಗಳ ನಡುವೆಯೇ ಮನೆಗಳಿದ್ದುವು, ಬಾವಿಗಳಿದ್ದುವು. ಆ ಊರುಗಳಲ್ಲಿ ಅಂಗವಿಕಲ ಮಕ್ಕಳ ದುರವಸ್ಥೆ ಬೆಳಕಿಗೆ ಬಂದು, ಜನ ಹೋರಾಡಿ, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಮೇಲಿನಿಂದ ಏನು ಸುರಿಯುತ್ತಿದ್ದೇನೆ, ಕೆಳಗೆ ಯಾರಿದ್ದಾರೆ ಎಂದು ಕೇಳುವ ಮನಸ್ಸು ವೈಮಾನಿಕನಿಗೂ ಬೇಕು. ಈಗ ಈ ಕೆಲಸ ಮೆಲ್ಲಮೆಲ್ಲಗೆ ಡ್ರೋನುಗಳ ಪಾಲಾಗುತ್ತಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹದಿನೆಂಟು ವರ್ಷ ತುಂಬಿ ಹತ್ತನೆಯ ತರಗತಿ ಪಾಸಾದವರು ತರಬೇತಿ ಪಡೆದು ಅದರ ಚಾಲಕರಾಗಬಹುದು. ಭೂಮಾಪನಕ್ಕೂ ಬೇಸಾಯಕ್ಕೂ ಅದರ ಬಳಕೆಯಿದೆ. ಖರ್ಚೂ ವಿಮಾನ ಕಲಿಯುವುದರ ಅಲ್ಪಭಾಗ ಮಾತ್ರ.

ಕಲಿತವನು ಕಲಿಸುವುದು ಇನ್ನೊಂದು ಹಾದಿ. ತರಬೇತಿ ಶಾಲೆಯ ಶಿಕ್ಷಕನಾಗಿ ಸೇರಿದರೆ ಗಂಟೆಗಳೂ ಕೂಡುತ್ತವೆ, ವಿದ್ಯೆಯೂ ಗಟ್ಟಿಯಾಗುತ್ತದೆ. ಅನೇಕರು ಇದನ್ನು ಏಣಿಯ ಮೊದಲ ಮೆಟ್ಟಿಲೆಂದು ಬಗೆಯುತ್ತಾರೆ. ಕೆಲವರು ಇಷ್ಟಪಟ್ಟು ಅಲ್ಲೇ ನಿಲ್ಲುತ್ತಾರೆ. ವೈಮಾನಿಕನ ಆರೋಗ್ಯಪತ್ರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ವಯಸ್ಸಾದ ಮೇಲೆ ಆರು ತಿಂಗಳಿಗೊಮ್ಮೆ ಹೊಸದಾಗಬೇಕೆಂಬುದನ್ನೂ ಇಲ್ಲಿ ನೆನೆಯಬೇಕು. ಹೃದಯವೋ ಕಿವಿಯೋ ಕೈಕೊಟ್ಟ ದಿನ ಹಾರಾಟ ನಿಂತೀತು. ಆಗ ಕೃತಕ ಯಂತ್ರದಲ್ಲಿ ಪಾಠ ಹೇಳುವುದು, ಸುರಕ್ಷತೆಯ ಮೇಲ್ವಿಚಾರಣೆ, ಅಪಘಾತಗಳ ತನಿಖೆ ಮುಂತಾದ ಕೆಲಸಗಳು ಅನುಭವಿಯನ್ನು ಕಾಯುತ್ತವೆ. ಅವಕ್ಕೆ ಸ್ಪಷ್ಟವಾಗಿ ಬರೆಯಬಲ್ಲ, ತರ್ಕಿಸಬಲ್ಲ ಶಕ್ತಿ ಬೇಕು. ಕಾಲೇಜಿನ ಓದು ವ್ಯರ್ಥವಾಗದ ಜಾಗ ಇದು.

ಅಲ್ಲದೆ, ವಿಮಾನ ನಡೆಸುವುದು ಕೇವಲ ಕೈಚಳಕವೂ ಅಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವೊಂದು ಮಂಗಳೂರಿನಲ್ಲಿ ಇಳಿಯುವಾಗ ಇಳಿದಾರಿಯನ್ನು ದಾಟಿ ಕಣಿವೆಗೆ ಬಿದ್ದು, 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಕ್ಯಾಪ್ಟನ್ನರು ಪ್ರಯಾಣದಲ್ಲಿ ಬಹುಹೊತ್ತು ನಿದ್ರಿಸಿದ್ದರೆಂದೂ, ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿದ್ದುದನ್ನು ಕಂಡು ಸಹವೈಮಾನಿಕರು ಮತ್ತೆ ಮೇಲೇರಬೇಕೆಂದು ಮೂರು ಸಲ ಹೇಳಿದರೆಂದೂ ತನಿಖೆಯಿಂದ ತಿಳಿಯಿತು. ಕಿರಿಯನಿಗೆ ಹಿರಿಯನ ಎದುರು ಗಟ್ಟಿಯಾಗಿ ಹೇಳುವ ಸ್ಥೈರ್ಯ, ಹಿರಿಯನಿಗೆ ಕಿರಿಯನ ಮಾತನ್ನು ಕೇಳುವ ವಿನಯ, ಇವೆರಡೂ ಈ ವೃತ್ತಿಯ ಪಾಠಪಟ್ಟಿಗೆ ಈಗ ಸೇರಿವೆ. ಗುರುಹಿರಿಯರಿಗೆ ಎದುರಾಡಬಾರದೆಂದು ಬೆಳೆದ ನಮಗೆ ಈ ಪಾಠ ಸುಲಭವಲ್ಲ, ಆದರೆ ಕಲಿಯಲೇಬೇಕಾದದ್ದು.

ಕೊನೆಯದಾಗಿ, ಈ ವೃತ್ತಿಯ ಕಡೆಗೆ ಮನಸ್ಸಿರುವ ಸೋದರ ಸೋದರಿಯರಿಗೆ ಒಂದೆರಡು ಮಾತು. ಹಣ ಕಟ್ಟುವ ಮುನ್ನ ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಯನ್ನು ಮಾಡಿಸಿಕೊಳ್ಳಿ. ದೇಹ ಒಪ್ಪದಿದ್ದರೆ ಲಕ್ಷಗಳು ಉಳಿಯುತ್ತವೆ. ಪದವಿಯನ್ನು ಅರ್ಧಕ್ಕೆ ಬಿಡಬೇಡಿ. ಕಂಪೆನಿಗಳು ಮುಚ್ಚಿದ ಕಾಲದಲ್ಲಿ ಅದೇ ಅನ್ನ ಹಾಕೀತು. ಅವಕಾಶವಿದ್ದರೆ ಎನ್.ಸಿ.ಸಿ. ವಾಯುದಳವನ್ನು ಸೇರಿ, ಅಲ್ಲಿ ಕಿರುವಿಮಾನದಲ್ಲಿ ಕುಳಿತ ಮೇಲೆ ನಿಮಗೆ ಬೇಕಾದದ್ದು ಆಕಾಶವೋ, ಬರಿಯ ಬಿಳಿಯ ಅಂಗಿಯೋ ಎಂಬುದು ತಿಳಿದುಬಿಡುತ್ತದೆ. ವಯಸ್ಸಿನ ಮಿತಿ ಮೀರುವ ಮೊದಲು ವಾಯುಸೇನೆಯ ಪರೀಕ್ಷೆಗೆ ಕುಳಿತು ನೋಡಿ. ಇವೆಲ್ಲ ಆದ ಮೇಲೂ ಮನಸ್ಸು ಆ ಕಡೆಗೇ ಎಳೆದರೆ, ತಂದೆಯವರೊಡನೆ ಕುಳಿತು ಸಾಲದ ಲೆಕ್ಕ ಹಾಕಿ. ಎರಡು ವರ್ಷ ಕೆಲಸ ಸಿಕ್ಕದಿದ್ದರೂ ಹೊಲ ಉಳಿಯುವಂತಿದ್ದರೆ ಆಗ ಸಂತೋಷವಾಗಿ ಹೊರಡಿ.