ಹಿತ್ತಿಲ ಕೋಳಿ, ಇಲಿಯ ಹಾದಿ ಮತ್ತು ಮುಸ್ಸಂಜೆಯ ಕೆಲಸ

ಈಸೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1942. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಅದರ ಐವರು ಗಲ್ಲಿಗೇರಿದರು. ಅಂಥ ಊರಿನ ಹೆಸರೆತ್ತಿ ಇಲಿ, ಕೋಳಿಗಳ ಮಾತನಾಡುವುದು ಉಚಿತವೇ ಎಂದು ವಾಚಕರು ಕೇಳಬಹುದು. ಚರಿತ್ರೆಯಲ್ಲಿ ಹೆಸರು ಪಡೆದ ಊರಿನಲ್ಲಿಯೂ ಬೆಳಗಾದರೆ ಯಾರಾದರೂ ಕೋಳಿಗೂಡಿನ ಬಾಗಿಲು ತೆರೆಯಲೇಬೇಕು, ಸಂಜೆಯಾದರೆ ಮುಚ್ಚಲೇಬೇಕು. ಈ ವಾರ ಆ ಬಾಗಿಲಿನ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಈಸೂರಿನ ಸುತ್ತಣ ಹಳ್ಳಿಗಳಲ್ಲಿಯೂ ನೆರೆಯ ಸೊರಬ ಸೀಮೆಯಲ್ಲಿಯೂ ನಾಲ್ಕಾರು ಕೋಳಿ ಸಾಕುವುದು ಬಡವರ ಮನೆಯ ಚಿಲ್ಲರೆ ಖಜಾನೆ. ಮೊಟ್ಟೆ ಮಾರಿದ ಹಣ ಮನೆಯೊಡತಿಯ ಕೈಯಲ್ಲಿ ಉಳಿಯುತ್ತದೆ. ಮಗುವಿನ ಪುಸ್ತಕಕ್ಕೆ, ಬಸ್ಸಿನ ಚಾರ್ಜಿಗೆ, ಔಷಧಕ್ಕೆ ಅದೇ ಆಧಾರ. ನಾಟಿ ಹೇಂಟೆ ವರ್ಷಕ್ಕೆ ಇಡುವುದು 50–60 ಮೊಟ್ಟೆ ಮಾತ್ರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಗಿರಿರಾಜ ತಳಿ ಇದರ ಎರಡರಷ್ಟಕ್ಕೂ ಮಿಗಿಲಾಗಿ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಆದುದರಿಂದ ಮರಿ ಬೇಕೆಂದರೆ ನಾಟಿ ಹೇಂಟೆಯೇ ಗತಿ. ಅದರ ಕಾವಿನ ಬುಟ್ಟಿಗೆ ರಾತ್ರಿ ಹೆಗ್ಗಣ ನುಗ್ಗಿತೆಂದರೆ ಆ ಮನೆಯ ಎರಡು ಮೂರು ತಿಂಗಳ ಲೆಕ್ಕಾಚಾರವೇ ಮಣ್ಣುಪಾಲು.

ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ. ಹಗಲು ಹಾವಿಗೂ ಎದುರು ನಿಲ್ಲುವ ತಾಯಿಕೋಳಿ ರಾತ್ರಿ ಕುಳಿತಲ್ಲೇ ಕಲ್ಲಾಗುತ್ತದೆ. ಇಲಿಗೆ ಅದೇ ಸುಗ್ಗಿಯ ಹೊತ್ತು. ಮೊಟ್ಟೆಯನ್ನು ಉರುಳಿಸಿಕೊಂಡು ಹೋಗುತ್ತದೆ, ರೆಕ್ಕೆಯಡಿಯಿಂದ ಮರಿಯನ್ನು ಎಳೆಯುತ್ತದೆ, ಕೆಲವೊಮ್ಮೆ ಮಲಗಿದ ಕೋಳಿಯ ಕಾಲನ್ನೇ ಕಡಿಯುತ್ತದೆ. ಒಂದು ಸಾಮ್ಯವನ್ನು ಗಮನಿಸಿ: ಮೊಟ್ಟೆ ಒಡೆದು ಮರಿ ಬರಲು 21 ದಿನ ಬೇಕು, ಇಲಿಯ ಗರ್ಭಾವಧಿಯೂ ಸುಮಾರು 21ರಿಂದ 23 ದಿನ. ಹೇಂಟೆ ಕಾವು ಮುಗಿಸುವಷ್ಟರಲ್ಲಿ ಅದೇ ಗೋಡೆಯ ಬಿಲದಲ್ಲಿ ಏಳೆಂಟು ಇಲಿಮರಿಗಳು ಕಣ್ಣು ಬಿಡಲು ಕಾದಿರುತ್ತವೆ. ಹೇಂಟೆ ಮರಿಗಳೊಡನೆ ತಿಂಗಳುಗಟ್ಟಲೆ ತಿರುಗಾಡಿದ ಮೇಲೆ ಮತ್ತೆ ಮೊಟ್ಟೆಯ ಯೋಚನೆ ಮಾಡುತ್ತದೆ. ಇಲಿ ಹಾಗೆ ಕಾಯುವುದಿಲ್ಲ. ಅದರ ಮರಿಗಳು ಮೂರು ತಿಂಗಳೊಳಗೆ ತಾವೇ ತಾಯ್ತಂದೆಗಳಾಗುತ್ತವೆ.

ಗುರುಮಠದಲ್ಲಿ ನಾವು ಅರಿಸ್ಟಾಟಲನನ್ನು ಓದಿದ್ದು ಕಾರಣಗಳ ನಾಲ್ಕು ಬಗೆಗಳಿಗಾಗಿ, ಇಲಿಗಾಗಿ ಅಲ್ಲ. ಆದರೆ ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಆ ಮಹನೀಯ ಇಲಿಯನ್ನೂ ಬಿಟ್ಟಿಲ್ಲ. ಕಿರುಧಾನ್ಯ ತುಂಬಿದ ಮಡಕೆಯೊಳಗೆ ಬಸುರಿ ಇಲಿಯೊಂದು ಅಕಸ್ಮಾತ್ತಾಗಿ ಸಿಕ್ಕಿಬಿದ್ದಿತಂತೆ. ಸ್ವಲ್ಪ ಕಾಲದ ಮೇಲೆ ಮುಚ್ಚಳ ತೆಗೆದರೆ ಒಳಗೆ 120 ಇಲಿಗಳು! ಎಣಿಕೆ ಎಷ್ಟು ನಿಖರವೋ ಹೇಳಲಾರೆವು. ಕಾರಣವನ್ನಂತೂ ಆ ಕಥೆಯಿಂದಲೇ ಊಹಿಸಬಹುದು: ಇಲಿಯನ್ನು ಹೆಚ್ಚಿಸಿದ್ದು ಮಡಕೆಯಲ್ಲಿದ್ದ ಧಾನ್ಯ.

ನಮ್ಮ ಹಿತ್ತಿಲಿನಲ್ಲಿಯೂ ಇದೇ ಕಥೆ. ಕೋಳಿಯನ್ನು ಕಂಡು ಇಲಿ ಬರುವುದಿಲ್ಲ, ಕೋಳಿ ಬಿಟ್ಟ ಕಾಳನ್ನು ಕಂಡು ಬರುತ್ತದೆ. ಅಂಗಳಕ್ಕೆ ಮೊರದ ತುಂಬ ನುಚ್ಚು ಎರಚಿ ಒಳಗೆ ಹೋಗುವುದು ನಮ್ಮವರ ರೂಢಿ. ಕೋಳಿ ಕೆದಕಿ ತಿಂದು ಉಳಿಸಿದ್ದು ರಾತ್ರಿಯ ಅತಿಥಿಗೆ. ದೊಡ್ಡ ಇಲಿಯೊಂದು ದಿನಕ್ಕೆ ಸುಮಾರು 20 ಗ್ರಾಂ ತಿನ್ನುತ್ತದೆ. ಹತ್ತು ಇಲಿಗಳಾದರೆ ತಿಂಗಳಿಗೆ ಆರು ಕಿಲೋ. ಅಷ್ಟರಲ್ಲಿ ಇನ್ನೆರಡು ಕೋಳಿ ಸಾಕಬಹುದು.

ಆದುದರಿಂದ ನಿಜವಾದ ಕಾವಲು ಮುಸ್ಸಂಜೆಯ ಕೆಲಸಗಳಲ್ಲಿದೆ. ಕೋಳಿ ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಬೇಕು, ಅದೂ ನೆಲಕ್ಕಲ್ಲ, ಅಗಲವಾದ ತಟ್ಟೆಯಲ್ಲಿ. ಹೊತ್ತು ಮುಳುಗುವ ಮೊದಲು ತಟ್ಟೆ ಎತ್ತಿ, ಬಿದ್ದ ಕಾಳನ್ನು ಗುಡಿಸಿ, ನೀರಿನ ಮರಿಗೆಯನ್ನು ಬರಿದು ಮಾಡಿ ಮಗುಚಿಡಬೇಕು. ಇಲಿಗೆ ನೀರೂ ಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಮೊಟ್ಟೆಯನ್ನು ಮರುದಿನಕ್ಕೆ ಬಿಡಬಾರದು. ತೌಡು, ನುಚ್ಚು, ಮೆಕ್ಕೆಜೋಳ ಗೋಣಿಚೀಲದಲ್ಲಿದ್ದರೆ ಇಲಿಗೆ ಬಾಗಿಲು ತೆರೆದಿಟ್ಟಂತೆಯೇ. ಮುಚ್ಚಳವುಳ್ಳ ತಗಡಿನ ಡಬ್ಬಿಯೇ ಆಗಬೇಕು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ ಅಗಲ ಕಣ್ಣಿನ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇಲಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿಗಿಂತ ದೊಡ್ಡ ಕಣ್ಣಿರಬಾರದು. ಜಾಲರಿಯ ಅಂಚನ್ನು ಒಂದಡಿ ಮಣ್ಣಿನೊಳಕ್ಕೆ ಇಳಿಸಿ ಹೊರಮುಖವಾಗಿ ಬಾಗಿಸಿದರೆ ಬಿಲ ತೋಡುವ ಹೆಗ್ಗಣಕ್ಕೂ ತಡೆ. ಗೂಡನ್ನು ಎರಡು ಮೂರಡಿ ಕಂಬದ ಮೇಲೆ ಎತ್ತರಿಸಿ, ಕಂಬಕ್ಕೆ ತಗಡು ಸುತ್ತಿದರೆ ಇನ್ನೂ ಒಳ್ಳೆಯದು. ಗೂಡಿಗೆ ತಾಗಿ ಸೌದೆ ಒಟ್ಟುವುದು ಮಾತ್ರ ಬೇಡ.

ಬೋನಿನ ವಿಷಯದಲ್ಲಿ ಒಂದು ಮಾತು. ಇಲಿ ಹೊಸ ವಸ್ತುವನ್ನು ಸಂಶಯದಿಂದ ನೋಡುವ ಪ್ರಾಣಿ, ಈ ಒಂದು ಗುಣದಲ್ಲಿ ಅದು ನಮ್ಮ ಅನೇಕ ಹಿರಿಯರನ್ನು ಹೋಲುತ್ತದೆ. ಬೋನನ್ನು ಗೋಡೆಯ ಅಂಚಿನಲ್ಲಿಟ್ಟು, ಕೊಬ್ಬರಿ ಚೂರನ್ನೋ ಒಣಮೀನನ್ನೋ ಸಿಕ್ಕಿಸಿ, ಮೂರು ನಾಲ್ಕು ದಿನ ಕೀಲು ಹಾಕದೆ ಬಿಡಬೇಕು. ನಂಬಿಕೆ ಬಂದ ಮೇಲೆ ಕೀಲು ಹಾಕುವುದು.

ಇಷ್ಟೆಲ್ಲ ಕೆಲಸ ಮಾಡುವವರು ಯಾರು? ಕೆಲಸದ ಪಟ್ಟಿಗಿಂತ ಈ ಪ್ರಶ್ನೆಯೇ ನಮಗೆ ಗುರುತರವಾಗಿ ತೋರುತ್ತದೆ. ಸಂಜೆ ಜಪಸರಕ್ಕೆ ಮನೆಮಂದಿಯೆಲ್ಲ ಕೂಡುವ ಮನೆಗಳಲ್ಲಿ ಎರಡನೆಯ ರಹಸ್ಯದ ಹೊತ್ತಿಗೆ ಎದ್ದು ಹೋಗುವವಳು ತಾಯಿ. ಕೋಳಿ ಮುಚ್ಚಿಲ್ಲವೆಂದು ಅವಳಿಗೆ ನೆನಪಾಗಿದೆ. ಗಂಡುಮಕ್ಕಳು ಮೊಣಕಾಲೂರಿದಲ್ಲೇ ಇರುತ್ತಾರೆ. ಅವರ ಭಕ್ತಿಯನ್ನು ನಾವು ಶಂಕಿಸುವುದಿಲ್ಲ, ಆದರೆ ಕೋಳಿಸಾರಿನ ದಿನ ಅವರಲ್ಲಿ ಕಾಣುವ ಉತ್ಸಾಹ ಗೂಡಿನ ಬಳಿಯೂ ಕಾಣಬೇಕು.

ನವೆಂಬರ್ 3ರಂದು ನಾವು ಸ್ಮರಿಸುವ ಪೆರು ದೇಶದ ಸಂತ ಮಾರ್ಟಿನ್ ದೆ ಪೊರೆಸರ (1579–1639) ಐತಿಹ್ಯ ಇಲ್ಲಿ ನೆನಪಾಗುತ್ತದೆ. 1962ರಲ್ಲಿ ಸಂತಪದವಿ ಪಡೆದ ಈ ದೊಮಿನಿಕನ್ ಸಹೋದರರು ಲೀಮಾದ ಮಠದಲ್ಲಿ ಗುಡಿಸುವ, ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಚಿತ್ರಗಳಲ್ಲಿ ಅವರ ಕೈಯಲ್ಲಿ ಕಸಪೊರಕೆಯೇ ಇದೆ. ಇಲಿಗಳು ಮಠದ ವಸ್ತ್ರಗಳನ್ನು ಕಡಿದಾಗ ಅವರು ಒಂದು ಇಲಿಯೊಡನೆ ಒಪ್ಪಂದ ಮಾಡಿಕೊಂಡರಂತೆ: ನೀವೆಲ್ಲ ತೋಟಕ್ಕೆ ಹೋಗಿ, ಅಲ್ಲಿಗೇ ಊಟ ತರುತ್ತೇನೆ ಎಂದು. ಕೇಳುವವರು ಇಲಿ ಮಾತು ಕೇಳಿದ ಪವಾಡವನ್ನು ಹೇಳಿ ನಿಲ್ಲಿಸುತ್ತಾರೆ. ದಿನವೂ ತೋಟದ ತನಕ ಊಟ ಹೊತ್ತವರ ಕಾಲುಗಳ ಮಾತನ್ನು ಯಾರೂ ಎತ್ತುವುದಿಲ್ಲ.

ಸಂಜೆಯ ಕೆಲಸಕ್ಕೆ ಬೇಸತ್ತವರು ಹಿಡಿಯುವ ಅಡ್ಡದಾರಿ ವಿಷ. ಇದನ್ನು ನಾವು ಸ್ಪಷ್ಟವಾಗಿ ವಿರೋಧಿಸುತ್ತೇವೆ. ಕಾಳಿಗೆ ಬೆರೆಸುವ ಕಪ್ಪು ಪುಡಿ, ಅಂದರೆ ಸತುವಿನ ಫಾಸ್ಫೈಡ್, ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ. ಹೆಕ್ಕಿ ತಿನ್ನುವ ಕೋಳಿಗೂ ಅದೇ ಸಾವು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆಗಳನ್ನು ತಿಂದ ಇಲಿ ಕೆಲವು ದಿನ ತೂಕಡಿಸುತ್ತಾ ಓಡಾಡುತ್ತದೆ. ಅದನ್ನು ಹಿಡಿದ ಬೆಕ್ಕು, ಗೂಬೆಗಳಿಗೂ ವಿಷವೇರಬಹುದು. ಇಲಿಯನ್ನು ಹಿಡಿಯುವ ಗೂಬೆ ಮತ್ತು ಕೇರೆಹಾವನ್ನು ಕೊಂದು ಇಲಿಗೆ ವಿಷವಿಡುವ ಜಾಣತನ ನಮಗೆ ಅರ್ಥವಾಗಿಲ್ಲ. ಇನ್ನು ಹಳದಿ ರಂಜಕದ ಪೇಸ್ಟು ಯಕೃತ್ತನ್ನೇ ಸುಡುವಂಥದು, ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಯಲ್ಲಿ, ಮನಸ್ಸು ನೊಂದವರಿರುವ ಮನೆಯಲ್ಲಿ ಅದು ಇರಲೇಬಾರದು. ಈಗಾಗಲೇ ತಂದಿಟ್ಟಿದ್ದರೆ ಇಂದೇ ಮನೆಯಿಂದ ಹೊರಹಾಕುವ ವ್ಯವಸ್ಥೆ ಮಾಡಿ. ಯಾರಾದರೂ ನುಂಗಿದರೆಂದು ಸಂಶಯ ಬಂದರೂ, ಅವರು ಆರೋಗ್ಯವಾಗಿ ಕಂಡರೂ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ರೋಗದ ಮಾತನ್ನು ಚುಟುಕಾಗಿ ಹೇಳುತ್ತೇವೆ. ಇಲಿಜ್ವರದ ಸೂಕ್ಷ್ಮಾಣು ಇಲಿಯ ಮೂತ್ರದಲ್ಲಿದ್ದು, ಒದ್ದೆ ನೆಲದಿಂದ ಕಾಲಿನ ಗಾಯದ ಮೂಲಕ ನಮ್ಮೊಳಗೆ ಸೇರುತ್ತದೆ. ಗೂಡು ಬಳಿಯುವಾಗ ಕೈಗವಸು, ಕಾಲಿಗೆ ಬೂಟು, ಆಮೇಲೆ ಸೋಪು, ಇವಿಷ್ಟು ಬೇಕು. ಜ್ವರದೊಡನೆ ಮೀನಖಂಡ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ ಕೋಳಿಗೂಡಿನ ಕೆಲಸದ ವಿಷಯವನ್ನೂ ತಿಳಿಸಬೇಕು; ಬೇಗ ಗುರುತಿಸಿದರೆ ಔಷಧ ಫಲಿಸುತ್ತದೆ. ಮಂಗನ ಕಾಯಿಲೆ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಅದು ಹರಡುವುದು ಕಾಡಿನ ಉಣುಗುಗಳಿಂದ. ಆದರೂ ಗೂಡಿನ ಹಾಸಿಗೆಗೆಂದು ಕಾಡಿನ ದರಗೆಲೆ ತರುವುದು ಬೇಡ. ಗಿರಣಿಯ ಭತ್ತದ ಹೊಟ್ಟು ಸಾಕು.

ಭತ್ತದ ಕೊಯ್ಲು ಮುಗಿದ ವಾರ ಗದ್ದೆಯ ಇಲಿಗಳು ಮನೆಗಳ ಕಡೆಗೆ ತಿರುಗುತ್ತವೆ. ಜಾಲರಿಯ ಹರಕನ್ನು ಅದಕ್ಕೂ ಮುಂಚೆ ನೋಡಿಕೊಳ್ಳಿ. ಆ ದಿನಗಳಲ್ಲಿ ಮೊಟ್ಟೆಗೆಂದು ಗೂಡಿನ ಕತ್ತಲೆಗೆ ಕೈ ಹಾಕುವ ಮೊದಲು ಟಾರ್ಚು ಬಿಟ್ಟು ನೋಡಿ. ಇಲಿಯ ಜಾಡು ಹಿಡಿದು ನಾಗರಹಾವೂ ಬಂದಿರುತ್ತದೆ.