ಕಡಲಾಚೆಯಿಂದ ಮನೆಯವರೆಗೆ: ಹಿರಿಯರ ದೀರ್ಘ ವಿಮಾನಯಾನ ಮತ್ತು ಕಾಲುಗಳ ಆರೋಗ್ಯ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಇಂದು ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿರುವ ಮನೆಗಳು ಹಲವು. ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಹಿರಿಯ ತಾಯಂದಿರು ಕಡಲಾಚೆಗೆ ಹೋಗಿ, ಕೆಲವು ತಿಂಗಳಿದ್ದು ಮರಳಿ ಬರುವುದು ಈಗ ಅಪರೂಪವಲ್ಲ. ಹೋಗುವಾಗ ವೈದ್ಯರ ತಪಾಸಣೆ, ಔಷಧದ ಚೀಟಿ, ವಿಮೆ ಎಲ್ಲವನ್ನೂ ವಿಚಾರಿಸುತ್ತೇವೆ. ಬರುವಾಗ ಮಾತ್ರ, ಊರಿಗೆ ತಾನೇ ಹೋಗುವುದು ಎಂಬ ನೆಮ್ಮದಿಯಲ್ಲಿ ಆ ಎಚ್ಚರ ಸಡಿಲಗೊಳ್ಳುತ್ತದೆ. ದೇಹಕ್ಕಾದರೋ ಹೋಗುವ ದಾರಿ, ಬರುವ ದಾರಿ ಎಂಬ ಭೇದವಿಲ್ಲ.

ಹನೂರು ಕಡೆಯ ಅಜ್ಜಿಯೊಬ್ಬರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟರೆಂದು ಭಾವಿಸೋಣ. 2021ರ ಜನವರಿಯಲ್ಲಿ ಆ ನಗರದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನಯಾನಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಮಗಳ ಮನೆಯಿಂದ ನಿಲ್ದಾಣಕ್ಕೆ 1 ಗಂಟೆ, ಅಲ್ಲಿ ಕಾಯುವುದು 3 ಗಂಟೆ, ಬೆಂಗಳೂರಿನಲ್ಲಿ ಇಳಿದು ಹೊರಬರಲು 1 ಗಂಟೆ, ದೇವನಹಳ್ಳಿಯಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮಾರ್ಗವಾಗಿ ಹನೂರಿಗೆ ಕಾರಿನಲ್ಲಿ 5 ಗಂಟೆ. ಒಟ್ಟು 27 ಗಂಟೆ! ಇದರಲ್ಲಿ ಬಹುಪಾಲು ಕಾಲು ಇಳಿಬಿಟ್ಟು ಕುಳಿತೇ ಕಳೆಯುವಂಥದು. ಆದ್ದರಿಂದ ಪ್ರಯಾಣವನ್ನು ವಿಮಾನದ ಗಂಟೆಗಳಿಂದ ಅಳೆಯದೆ, ಒಂದು ಮನೆಯ ಹೊಸ್ತಿಲಿನಿಂದ ಇನ್ನೊಂದು ಮನೆಯ ಹೊಸ್ತಿಲಿನವರೆಗೆ ಅಳೆಯಬೇಕು.

ಕುಳಿತ ಕಾಲಿನಲ್ಲಿ ಆಗುವುದೇನು?

ಹೃದಯವು ರಕ್ತವನ್ನು ಪಾದದವರೆಗೆ ದೂಡುತ್ತದೆ. ಅದು ಮೇಲಕ್ಕೆ ಮರಳಲು ಮೀನಖಂಡದ ಸ್ನಾಯುಗಳ ನೆರವು ಬೇಕು. ನಾವು ನಡೆಯುವಾಗ ಆ ಸ್ನಾಯುಗಳು ಬಿಗಿದು ಸಡಿಲಗೊಂಡು, ಆಳದ ಅಭಿಧಮನಿಗಳಲ್ಲಿರುವ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಗಂಟೆಗಟ್ಟಲೆ ಅಲುಗಾಡದೆ ಕುಳಿತಾಗ ಈ ಕಾರ್ಯ ನಿಂತು ರಕ್ತದ ಹರಿವು ಮಂದವಾಗುತ್ತದೆ. ಮಂದವಾದ ರಕ್ತವು ಕೆಲವೊಮ್ಮೆ ನಾಳದೊಳಗೇ ಹೆಪ್ಪುಗಟ್ಟುತ್ತದೆ. ಇದನ್ನು ವೈದ್ಯರು ಡೀಪ್ ವೇಯ್ನ್ ಥ್ರಾಂಬೋಸಿಸ್ ಅಥವಾ ಡಿ.ವಿ.ಟಿ. ಎನ್ನುತ್ತಾರೆ. ಆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ ಒದಗಬಹುದು.

ಇದು ವಿಮಾನದಿಂದಲೇ ಬರುವ ರೋಗವೆಂದು ತಿಳಿಯಬಾರದು. 1940ರಲ್ಲಿ ಲಂಡನ್ ನಗರದ ಮೇಲೆ ಬಾಂಬ್ ದಾಳಿ ನಡೆಯುತ್ತಿದ್ದಾಗ, ರಕ್ಷಣಾ ತಾಣಗಳಲ್ಲಿ ರಾತ್ರಿಯಿಡೀ ಮಡಿಚುವ ಕುರ್ಚಿಗಳಲ್ಲಿ ಕುಳಿತಿದ್ದ ಜನರಲ್ಲಿ ಇಂಥ ಸಾವುಗಳಾದುದನ್ನು ಅಲ್ಲಿನ ವೈದ್ಯರು ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ವಿಮಾನ, ರೈಲು, ಬಸ್ಸು, ಕಾರು ಯಾವುದೇ ಇರಲಿ, 4 ಗಂಟೆಗೂ ಮಿಕ್ಕಿ ಕುಳಿತು ಪ್ರಯಾಣಿಸಿದವರಲ್ಲಿ ಈ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು 6000 ಮಂದಿಗೆ ಒಬ್ಬರಷ್ಟೇ. ಆದ್ದರಿಂದ ಪ್ರಯಾಣಕ್ಕೆ ಅಂಜಬೇಕಿಲ್ಲ, ಎಚ್ಚರವಿದ್ದರೆ ಸಾಕು.

ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿದವರು, ಇತ್ತೀಚೆಗೆ ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು, ಸ್ಥೂಲಕಾಯದವರು ಹೆಚ್ಚು ಜಾಗರೂಕರಾಗಿರಬೇಕು. 1.60 ಮೀಟರಿಗಿಂತ, ಅಂದರೆ ಸುಮಾರು 5 ಅಡಿ 3 ಅಂಗುಲಕ್ಕಿಂತ, ಕುಳ್ಳಗಿರುವವರಿಗೂ ವಿಮಾನದಲ್ಲಿ ಅಪಾಯ ತುಸು ಹೆಚ್ಚೆಂದು ಅದೇ ಅಧ್ಯಯನ ತಿಳಿಸುತ್ತದೆ. ನಮ್ಮ ಅಜ್ಜಿಯರಲ್ಲಿ ಅನೇಕರು ಇದೇ ಎತ್ತರದವರು. ಪಾದ ನೆಲಕ್ಕೆ ಎಟುಕದೆ ಆಸನದ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿದ್ದರೆ, ಕಾಲ ಕೆಳಗೆ ಚಿಕ್ಕ ಚೀಲವೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ವಿಮಾನದೊಳಗೆ

ವಿಮಾನವು 35 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಅದರೊಳಗಿನ ಗಾಳಿಯ ಒತ್ತಡವನ್ನು 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ದೇಗುಲವಿರುವುದು ಸುಮಾರು 5 ಸಾವಿರ ಅಡಿ ಎತ್ತರದಲ್ಲಿ, ಊಟಿ ಇರುವುದು 7 ಸಾವಿರ ಅಡಿಗೂ ಮೇಲೆ. ಅಂದರೆ ವಿಮಾನದಲ್ಲಿ ಅಷ್ಟೂ ಗಂಟೆಗಳ ಕಾಲ ಊಟಿಯ ಗಾಳಿಯನ್ನು ಉಸಿರಾಡಿದಂತೆಯೇ ಸರಿ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಹೃದಯರೋಗ, ಉಬ್ಬಸ ಅಥವಾ ತೀವ್ರ ರಕ್ತಹೀನತೆ ಇರುವವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು.

ಅಲ್ಲಿನ ಗಾಳಿ ಬಹಳ ಒಣಗಿದ್ದು, ಬಾಯಿ, ಗಂಟಲು ಬೇಗ ಆರುತ್ತವೆ. ಹೀಗಿದ್ದರೂ ಹಿರಿಯ ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ. ಶೌಚಾಲಯಕ್ಕೆ ಏಳಬೇಕಾದೀತು, ಪಕ್ಕದಲ್ಲಿ ಕುಳಿತ ಅಪರಿಚಿತರನ್ನು ಏಳಿಸಬೇಕಾದೀತು, ಅವರ ಭಾಷೆ ಬಾರದು ಎಂಬ ಸಂಕೋಚವೇ ಇದಕ್ಕೆ ಕಾರಣ. ಟಿಕೆಟ್ ಕೊಳ್ಳುವಾಗಲೇ ಓಡಾಡುವ ದಾರಿಯ ಪಕ್ಕದ ಆಸನವನ್ನು ಕೇಳಿ ಪಡೆದರೆ ಈ ಸಂಕೋಚದ ಅರ್ಧ ಭಾಗ ಅಲ್ಲಿಯೇ ಕಳೆಯುತ್ತದೆ. ಆಗಾಗ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿನ ಮಿತಿ ಇರುವವರು ಮಾತ್ರ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು.

ಎಚ್ಚರವಾಗಿರುವಾಗ ಗಂಟೆಗೊಮ್ಮೆ, ಕುಳಿತಲ್ಲಿಯೇ ಹಿಮ್ಮಡಿಯನ್ನು ನೆಲಕ್ಕೂರಿ ಬೆರಳುಗಳನ್ನು ಮೇಲೆತ್ತಬೇಕು. ಬಳಿಕ ಬೆರಳುಗಳನ್ನು ಊರಿ ಹಿಮ್ಮಡಿಯನ್ನು ಎತ್ತಬೇಕು. ಹೀಗೆ ಹತ್ತಿಪ್ಪತ್ತು ಬಾರಿ ಮಾಡಿದರೆ ಮೀನಖಂಡಕ್ಕೆ ನಡೆದಷ್ಟೇ ಕೆಲಸ ಸಿಗದಿದ್ದರೂ ರಕ್ತ ಚಲಿಸುತ್ತದೆ. ಎರಡು ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ನಿದ್ರೆಯ ಮಾತ್ರೆ ನುಂಗಿ ಅಲುಗಾಡದೆ ಮಲಗುವುದು ತರವಲ್ಲ. ಅಪಾಯ ಹೆಚ್ಚಿರುವವರಿಗೆ ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಉಪಯುಕ್ತ. ಆದರೆ ಕಾಲಿನ ರಕ್ತಸಂಚಾರ ಕುಂದಿರುವ ಮಧುಮೇಹಿಗಳಿಗೆ ಅದರಿಂದ ಹಾನಿಯಾಗಬಹುದಾದ್ದರಿಂದ ಅದನ್ನೂ, ಆಸ್ಪಿರಿನ್ ಮಾತ್ರೆಯನ್ನೂ ವೈದ್ಯರ ಸಲಹೆಯಿಲ್ಲದೆ ಬಳಸಕೂಡದು. ನಿಲ್ದಾಣದಲ್ಲಿ ಗಾಲಿಕುರ್ಚಿಯ ನೆರವನ್ನು ಮುಂಚಿತವಾಗಿ ಕೋರಿ ಪಡೆಯಿರಿ. ಉದ್ದನೆಯ ಸಾಲುಗಳಲ್ಲಿ ನಿಲ್ಲುವ ಆಯಾಸ ತಪ್ಪುತ್ತದೆ. ನಡೆಯಬಲ್ಲವರು ಕಾಯುವ ಹೊತ್ತಿನಲ್ಲಿ ಅದರಿಂದಿಳಿದು ತುಸು ಅಡ್ಡಾಡಬೇಕು.

ಊಟ, ಔಷಧ, ಪೂಜೆ

ಸಸ್ಯಾಹಾರಿಗಳು ಒಂದು ವಿಷಯವನ್ನು ಗಮನಿಸಬೇಕು. ಕೆಲವು ವಿಮಾನ ಸಂಸ್ಥೆಗಳಲ್ಲಿ ‘ಹಿಂದೂ ಮೀಲ್’ ಎಂಬ ಹೆಸರಿನ ಊಟದಲ್ಲಿ ಮಾಂಸವೂ ಇರಬಹುದು. ‘ಏಷ್ಯನ್ ವೆಜಿಟೇರಿಯನ್ ಮೀಲ್’ ಎಂದೇ ಟಿಕೆಟ್ಟಿನೊಡನೆ ಕೇಳಬೇಕು. ತಟ್ಟೆಯ ಬಗ್ಗೆ ಸಂದೇಹ ಮೂಡಿದ ಅಜ್ಜಿ ಊಟವನ್ನು ಮುಟ್ಟದೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಅಭ್ಯಾಸದಂತೆ ನುಂಗಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಚಪಾತಿ, ಖಾರವಿಲ್ಲದ ಪುರಿ, ಬಿಸ್ಕತ್ತು ಮುಂತಾದವು ಕೈಚೀಲದಲ್ಲಿರಲಿ.

ಔಷಧಗಳೂ ಕೈಚೀಲದಲ್ಲಿಯೇ ಇರಬೇಕು. ಇನ್ಸುಲಿನನ್ನು ಕೆಳಗಿನ ಸಾಮಾನು ಕೋಣೆಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಪೂರ್ವಾಭಿಮುಖವಾಗಿ ಹಾರುವಾಗ ಹಗಲಿರುಳು ಸೇರಿದ ದಿನವೇ ಕಿರಿದಾಗುವುದರಿಂದ, ಇನ್ಸುಲಿನ್ನಿನ ಹೊತ್ತು ಮತ್ತು ಪ್ರಮಾಣವನ್ನು ಅಲ್ಲಿನ ವೈದ್ಯರಿಂದಲೇ ಕಾಗದದ ಮೇಲೆ ಬರೆಸಿಕೊಂಡು ಹೊರಡುವುದು ಕ್ಷೇಮ.

ಇಷ್ಟಲಿಂಗ ಪೂಜೆಯಾಗದೆ ನೀರನ್ನೂ ಮುಟ್ಟದ ಹಿರಿಯರು ನಮ್ಮಲ್ಲಿದ್ದಾರೆ. ಗಡಿಯಾರವೇ ಬದಲಾಗುವ ಪ್ರಯಾಣದಲ್ಲಿ, ಯಾವ ದೇಶದ ಬೆಳಗು ಎಂದು ಕಾಯುತ್ತ ಉಪವಾಸವಿದ್ದುಬಿಡುವ ಸಂಭವವುಂಟು. ವಿಮಾನದಲ್ಲಿ ಧೂಪ ದೀಪಗಳಿಗೆ ಅವಕಾಶವಿಲ್ಲದಿದ್ದರೂ ಕರಸ್ಥಲದ ಪೂಜೆಗೆ ಕುಳಿತ ಆಸನವೇ ಸಾಕು. ನಿಯಮದ ಬಗ್ಗೆ ಶಂಕೆಯಿರುವವರು ಹೊರಡುವ ಮುನ್ನವೇ ಗುರುಗಳಲ್ಲಿ ಅರಿಕೆ ಮಾಡಿಕೊಂಡು, ನೀರು ಮತ್ತು ಔಷಧಕ್ಕೆ ತಡೆಯಾಗದಂತೆ ಏರ್ಪಾಡು ಮಾಡಿಕೊಳ್ಳಬೇಕು.

ಬೆಂಗಳೂರಿನಲ್ಲಿ ಇಳಿದ ಮೇಲೆ

ಕರೆತರಲು ಹೋದ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿದೆ. ಅಜ್ಜಿ ದಣಿದಿದ್ದಾರೆಂದು ಕಾರಿನ ಹಿಂದಿನ ಆಸನದಲ್ಲಿ ಕೂರಿಸಿ, ಎಲ್ಲಿಯೂ ನಿಲ್ಲಿಸದೆ ಊರು ಸೇರಿಸುತ್ತಾರೆ. ದಿನವಿಡೀ ಮಡಿಚಿದ್ದ ಕಾಲುಗಳು ಮತ್ತೆ ಐದು ಗಂಟೆ ಮಡಿಚಿಯೇ ಇರುತ್ತವೆ. ಕನಕಪುರದಲ್ಲೊಮ್ಮೆ, ಮಳವಳ್ಳಿಯಲ್ಲೊಮ್ಮೆ ಕಾರು ನಿಲ್ಲಿಸಿ ಹತ್ತು ನಿಮಿಷ ನಡೆಸಿರಿ. ತೀರ ಬಳಲಿದ್ದರೆ ಬೆಂಗಳೂರಿನ ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗಿ ಬರುವುದು ಇನ್ನೂ ಉತ್ತಮ.

ಮನೆ ಸೇರಿದ ಮೇಲೆ ಎರಡೂ ಪಾದಗಳು ಸಮನಾಗಿ ಸ್ವಲ್ಪ ಊದಿಕೊಂಡಿದ್ದರೆ ಭಯಪಡಬೇಕಿಲ್ಲ. ಕಾಲನ್ನು ಎತ್ತರಕ್ಕಿಟ್ಟು ಮಲಗಿದರೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿಕೊಂಡು, ಮೀನಖಂಡ ನೋಯುತ್ತ, ಮುಟ್ಟಿದರೆ ಬಿಸಿಯಾಗಿ, ಚರ್ಮ ಕೆಂಪಗೆ ಅಥವಾ ಕಪ್ಪಗೆ ಕಂಡರೆ ಅದು ಬೇರೆಯೇ ಮಾತು. ಪ್ರಯಾಣದ ನೋವೆಂದು ಬಗೆದು ಎಣ್ಣೆ ಹಚ್ಚಿ ನೀವುವುದು, ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ನಮ್ಮ ಮನೆಗಳ ವಾಡಿಕೆ. ಇಂಥ ಕಾಲನ್ನು ಎಂದಿಗೂ ನೀವಬಾರದು. ತಿಕ್ಕಿದಾಗ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಡಾಪ್ಲರ್ ಸ್ಕ್ಯಾನ್‌ನಿಂದ ಇದನ್ನು ಪತ್ತೆ ಮಾಡಬಹುದು. ಬೇಗ ತಿಳಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದಿಂದ ಗುಣಪಡಿಸಲು ಸಾಧ್ಯ.

ಹಠಾತ್ತನೆ ಉಸಿರು ಕಟ್ಟುವುದು, ದೀರ್ಘವಾಗಿ ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ ಬೀಳುವುದು, ಕಣ್ಣು ಕತ್ತಲಿಟ್ಟು ಬೀಳುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಈ ಅಪಾಯವು ಪ್ರಯಾಣ ಮುಗಿದ ಮೇಲೂ ಸುಮಾರು ನಾಲ್ಕು ವಾರಗಳವರೆಗೆ ಉಳಿದಿರುತ್ತದೆ. ಅಷ್ಟರೊಳಗೆ ಬಂಧುಗಳೆಲ್ಲ ಬಂದು ಮಾತನಾಡಿಸಿ ಹೋಗಿ, ವಿಮಾನದ ಸುದ್ದಿಯೇ ಹಳತಾಗಿರುತ್ತದೆ. ಇಪ್ಪತ್ತನೆಯ ದಿನ ಕಾಲು ನೋವೆಂದು ಆಸ್ಪತ್ರೆಗೆ ಹೋದ ಅಜ್ಜಿ, ವಯಸ್ಸಿನ ನೋವೆಂದು ಹೇಳಿ ಸುಮ್ಮನಾಗುತ್ತಾರೆ. ಜೊತೆಗೆ ಹೋದವರು, ‘ಇವರು ಇಂಥ ದಿನ ಹೊರದೇಶದಿಂದ ವಿಮಾನದಲ್ಲಿ ಬಂದರು’ ಎಂಬ ಒಂದು ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ರೋಗದ ಸುಳಿವು ಆ ಒಂದು ಮಾತಿನಲ್ಲಿಯೇ ಇರಬಹುದು.

ಮಕ್ಕಳ ಮನೆಯನ್ನು ಕಂಡು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಸಂತೃಪ್ತಿಯಿಂದ ಮರಳುವ ಹಿರಿಯರ ಪ್ರಯಾಣ ಸುಖವಾಗಿ ಮುಗಿಯಬೇಕಾದರೆ ಆ ನಾಲ್ಕು ವಾರಗಳ ಕಾಲ ಅವರ ಕಾಲುಗಳ ಮೇಲೆ ಮನೆಯವರ ಕಣ್ಣಿರಲಿ. ಇದಕ್ಕೆ ಹಣವಾಗಲಿ ಹೆಚ್ಚಿನ ಶ್ರಮವಾಗಲಿ ಬೇಕಿಲ್ಲ. ದಿನಕ್ಕೊಮ್ಮೆ ಹತ್ತಿರ ಕುಳಿತು, ಕಾಲು ನೋಡಿ, ಹೇಗಿದ್ದೀರಿ ಎಂದು ಕೇಳಿದರೆ ಸಾಕು.