ಮಲ್ಕಾಜ್‌ಗಿರಿಯಲ್ಲಿ ಜಾಮ್ ಎಷ್ಟು ಡಿಗ್ರಿಗೆ ಕಟ್ಟುತ್ತದೆ?

ಚಳಿ ಶುರುವಾದರೆ ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಲ್ಲೂ ಹೈದರಾಬಾದಿನ ಮಲ್ಕಾಜ್‌ಗಿರಿಯ ತಳ್ಳುಗಾಡಿಗಳಲ್ಲೂ ಸ್ಟ್ರಾಬೆರಿಯ ಪುಟ್ಟ ಡಬ್ಬಿಗಳು ಕಾಣತೊಡಗುತ್ತವೆ. ನಮ್ಮ ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಬೆಳೆಯುವುದು ಮಹಾಬಲೇಶ್ವರ, ಪಾಂಚಗಣಿಯ ಬೆಟ್ಟಗಳಲ್ಲಿ. ಅಲ್ಲಿನ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಆದರೆ ಈ ಹಣ್ಣಿನಲ್ಲಿ ನೂರಕ್ಕೆ 90 ಪಾಲು ನೀರೇ ಇರುವುದರಿಂದ, ತಂದ ಎರಡು ಮೂರು ದಿನಕ್ಕೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಉಳಿಸಿಕೊಳ್ಳಬೇಕೆಂದರೆ ಜಾಮ್ ಮಾಡಬೇಕು.

ಮಾಡುವವರು ಮೊದಲು ಎಡವುವುದು ಒಂದು ಸಂಖ್ಯೆಯಲ್ಲಿ. ಅಡುಗೆ ಪುಸ್ತಕಗಳೆಲ್ಲ ಜಾಮನ್ನು 105 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎನ್ನುತ್ತವೆ. ಅದು ಸಮುದ್ರಮಟ್ಟದ ಊರುಗಳಿಗೆ ಹೇಳಿದ ಮಾತು. ಮಂಗಳೂರಿನಲ್ಲಿ ಸರಿಹೋಗುತ್ತದೆ. ಹೈದರಾಬಾದ್ ಇರುವುದು ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಬೇಗ ಕುದಿಯುತ್ತದೆ; ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ. ಹಾಗಾಗಿ ಮಲ್ಕಾಜ್‌ಗಿರಿಯ ಒಲೆಯ ಮೇಲೆ ಬರೀ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಬೆಂಗಳೂರಿನಲ್ಲಿ 97, ಮಡಿಕೇರಿಯಲ್ಲಿ 96.

ಇದಕ್ಕೂ ಜಾಮಿಗೂ ಏನು ಸಂಬಂಧ? ನೀರಿಗೆ ಸಕ್ಕರೆ ಬೆರೆತಷ್ಟೂ ಅದರ ಕುದಿಬಿಂದು ಮೇಲೇರುತ್ತದೆ. ನೂರು ಗ್ರಾಂ ಪಾಕದಲ್ಲಿ 65 ಗ್ರಾಂ ಸಕ್ಕರೆಯಂಶ ಆದಾಗ, ಆ ಊರಿನ ನೀರಿನ ಕುದಿಬಿಂದುವಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿಗೆ ಕಾದಿರುತ್ತದೆ. ಜಾಮ್ ಕಟ್ಟುವುದು ಅಲ್ಲಿಯೇ. ಅಂದರೆ ಥರ್ಮಾಮೀಟರು ಇಲ್ಲಿ ಬಿಸಿಯನ್ನಲ್ಲ, ಸಕ್ಕರೆಯನ್ನು ಅಳೆಯುತ್ತಿದೆ. ಮಲ್ಕಾಜ್‌ಗಿರಿಯಲ್ಲಿ ಅದು 102.5 ತೋರಿಸಿದರೆ ಸಾಕು. 105 ಬರಲಿ ಎಂದು ಕಾದು ನಿಂತರೆ ಸಕ್ಕರೆಯಂಶ ನೂರಕ್ಕೆ 75ರ ಹತ್ತಿರ ಹೋಗಿ, ತಣಿದ ಮೇಲೆ ಚಮಚಕ್ಕೆ ಬಗ್ಗದ ಮುದ್ದೆಯಾಗುತ್ತದೆ. ಆದ್ದರಿಂದ ಜಾಮಿಗೆ ಮುಂಚೆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಇಟ್ಟು ನೋಡಿ. ಅಲ್ಲಿ ಕಂಡ ಸಂಖ್ಯೆಗೆ ನಾಲ್ಕೂವರೆ ಸೇರಿಸಿಕೊಳ್ಳಿ. ಉಪಕರಣದ ಸಣ್ಣಪುಟ್ಟ ದೋಷವೂ ಇದರಲ್ಲೇ ಸರಿಹೋಗುತ್ತದೆ. ಮೈಸೂರು ಪಾಕಿಗೆ ಬೆರಳಿನಲ್ಲಿ ಎಳೆ ನೋಡುವ ನಮ್ಮ ಹಿರಿಯರ ಪದ್ಧತಿ ಯಾವ ಎತ್ತರದ ಊರಿನಲ್ಲೂ ಕೆಡುವುದಿಲ್ಲ, ಏಕೆಂದರೆ ಅವರು ನೋಡುತ್ತಿದ್ದುದು ಪಾಕವನ್ನೇ.

ಇಷ್ಟಾದರೂ ಜಾಮ್ ಎಳೆಪಾಕವಲ್ಲ. ಸಕ್ಕರೆ ಎಷ್ಟೇ ಇದ್ದರೂ ಅದನ್ನು ಹಿಡಿದು ನಿಲ್ಲಿಸುವುದು ಪೆಕ್ಟಿನ್. ಸಸ್ಯಕೋಶಗಳ ಗೋಡೆಗಳಲ್ಲಿದ್ದು ಅವನ್ನು ಒಂದಕ್ಕೊಂದು ಅಂಟಿಸಿರುವ ಈ ವಸ್ತುವನ್ನು 1825ರಲ್ಲಿ ಬೇರ್ಪಡಿಸಿ ವಿವರಿಸಿದವರು ಫ್ರಾನ್ಸಿನ ಆನ್ರಿ ಬ್ರಾಕೊನೊ. ಅದು ಗ್ಯಾಲಕ್ಟುರೋನಿಕ್ ಆಮ್ಲದ ನೂರಾರು ಘಟಕಗಳ ಉದ್ದನೆಯ ಸರಪಳಿ. ಹಣ್ಣು ಬೆಂದಾಗ ಗೋಡೆ ಬಿಟ್ಟು ರಸಕ್ಕೆ ಇಳಿಯುತ್ತದೆ. ಆದರೆ ಕೂಡಲೇ ಕೂಡಿಕೊಳ್ಳುವುದಿಲ್ಲ. ಸರಪಳಿಗಳ ಮೇಲೆಲ್ಲ ಋಣ ವಿದ್ಯುದಂಶವಿರುವುದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಸಾಲದ್ದಕ್ಕೆ ನೀರಿನ ಅಣುಗಳು ಪ್ರತಿಯೊಂದನ್ನೂ ಸುತ್ತುವರಿದಿರುತ್ತವೆ. ಈ ಎರಡು ಅಡ್ಡಿಗಳನ್ನೂ ತೆಗೆಯಬೇಕು. ನಿಂಬೆಯ ಆಮ್ಲ ವಿದ್ಯುದಂಶವನ್ನು ತಟಸ್ಥಗೊಳಿಸುತ್ತದೆ. ಸಕ್ಕರೆ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆಗ ಸರಪಳಿಗಳು ಅಲ್ಲಲ್ಲಿ ತಾಗಿ, ಗಂಟುಬಿದ್ದು ಬಲೆಯಾಗುತ್ತವೆ, ಪಾಕವೆಲ್ಲ ಅದರೊಳಗೆ ಸಿಕ್ಕಿಬೀಳುತ್ತದೆ.

ಸ್ಟ್ರಾಬೆರಿಯ ತೊಂದರೆ ಎಂದರೆ ಅದರಲ್ಲಿ ಪೆಕ್ಟಿನ್ ಕಡಿಮೆ, ಹುಳಿಯೂ ಸ್ವಲ್ಪ ಸಾಲದು. ಜಾಮಿಗೆ ಬೇಕಾದ ಪಿಎಚ್ 3ರಿಂದ 3.3, ಹಣ್ಣಿನದು ಸುಮಾರು 3.5. ಕಿಲೋ ಹಣ್ಣಿಗೆ ಎರಡು ನಿಂಬೆಯ ರಸ ಬೇಕಾಗುವುದು ರುಚಿಗಲ್ಲ, ಈ ಅಂತರ ತುಂಬುವುದಕ್ಕೆ. ಹಣ್ಣು ಮಾಗಿದಷ್ಟೂ ಅದರದೇ ಕಿಣ್ವಗಳು ಪೆಕ್ಟಿನ್ ಸರಪಳಿಯನ್ನು ಕತ್ತರಿಸಿಹಾಕುತ್ತವೆ. ಕಳಿತದ್ದು ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ತಂದರೆ ಜಾಮ್ ನೀರುನೀರಾಗುತ್ತದೆ. ನಾಲ್ಕರಲ್ಲಿ ಒಂದು ಪಾಲು ತುಸು ಬಿಳಿಚಾದ ಕಾಯಿ ಇರಲಿ. ಅಂಗಡಿಯ ಪೆಕ್ಟಿನ್ ಪುಡಿಗಿಂತ ನನಗೆ ಹಿಡಿಸುವುದು ಸೀಬೆ, ಇಲ್ಲಿನವರ ಜಾಮಕಾಯ. ಅದೂ ಚಳಿಗಾಲದಲ್ಲಿ ಇದೇ ಗಾಡಿಗಳ ಮೇಲೆ ಇರುತ್ತದೆ, ಪೆಕ್ಟಿನ್ ಧಾರಾಳ. ದೋರೆಗಾಯಿ ಸೀಬೆಯೊಂದನ್ನು ಹೆಚ್ಚಿ, ನೀರಿನಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ ಆ ತಿಳಿಯನ್ನು ಹಣ್ಣಿನ ಜೊತೆ ಹಾಕಿದರೆ ಜಾಮ್ ಚೆನ್ನಾಗಿ ಕಟ್ಟುತ್ತದೆ.

ಕಾರ್ಖಾನೆಗಳಲ್ಲಿ ಸಕ್ಕರೆಯಂಶ ನೋಡಲು ರಿಫ್ರಾಕ್ಟೋಮೀಟರ್ ಇರುತ್ತದೆ. ಗಾಜಿನ ಮೇಲಿಟ್ಟ ಒಂದು ಹನಿಯಲ್ಲಿ ಬೆಳಕು ಎಷ್ಟು ಬಾಗಿತೆಂದು ನೋಡಿ ಲೆಕ್ಕ ಹೇಳುವ ಯಂತ್ರ. ಮನೆಯಲ್ಲಿ ತಕ್ಕಡಿಯೇ ಆ ಕೆಲಸ ಮಾಡುತ್ತದೆ, ಥರ್ಮಾಮೀಟರಿಗಿಂತ ನಂಬಿಕೆಯಾಗಿ. ಒಂದು ಕಿಲೋ ಹಣ್ಣಿಗೆ 750 ಗ್ರಾಂ ಸಕ್ಕರೆ ಎಂದುಕೊಳ್ಳಿ. ಹಣ್ಣಿನ ಕರಗುವ ಅಂಶ ಸುಮಾರು 80 ಗ್ರಾಂ, ಒಟ್ಟು 830. ಇದು ನೂರಕ್ಕೆ 65 ಆಗಬೇಕಾದರೆ ಜಾಮಿನ ತೂಕ 1275 ಗ್ರಾಮಿನ ಆಸುಪಾಸಿಗೆ ಇಳಿಯಬೇಕು. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡಿದ್ದರೆ ಆಯಿತು. ಹೋಗಬೇಕಾದ ನೀರು ಅರ್ಧ ಲೀಟರಿನಷ್ಟು; ಸೀಬೆಯ ತಿಳಿ ಹಾಕಿದ್ದರೆ ಅದರ ನೀರೂ ಇದರ ಮೇಲೆ ಹೋಗಬೇಕು.

ಅದನ್ನು ಬೇಗ ಹೊರಹಾಕುವುದರಲ್ಲೇ ಜಾಣತನ. ಸ್ಟ್ರಾಬೆರಿಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಒಡೆದು ಕಂದಾಗುತ್ತದೆ. ಮನೆಯೆಲ್ಲ ಹರಡುವ ಘಮವೂ ಪಾತ್ರೆಯಿಂದ ಹಾರಿಹೋದದ್ದೇ. ಅಗಲ ಬಾಯಿಯ ಸ್ಟೀಲ್ ಪಾತ್ರೆ, ಒಂದು ಸಲಕ್ಕೆ ಒಂದೇ ಕಿಲೋ, ಜೋರು ಉರಿ. ಅಲ್ಯುಮಿನಿಯಂ ಬೇಡ, ಹುಳಿಗೆ ಲೋಹ ಕರಗುತ್ತದೆ. ಹಿಂದಿನ ರಾತ್ರಿಯೇ ಸಕ್ಕರೆಯಲ್ಲಿ ನೆನೆಹಾಕಿದರೆ ರಸ ತಾನಾಗಿ ಹೊರಬಂದು ಹಣ್ಣಿನ ತುಂಡುಗಳು ಗಟ್ಟಿಯಾಗಿ ಉಳಿಯುತ್ತವೆ. ಕುದಿಯುವಾಗ ಆಮ್ಲ ಸಕ್ಕರೆಯ ಒಂದಷ್ಟನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಸೀಳುವುದರಿಂದ ಮುಂದೆ ಬಾಟಲಿಯಲ್ಲಿ ಹರಳುಗಟ್ಟುವ ಭಯವೂ ಕಡಿಮೆ.

ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಜಾಮಿನಲ್ಲಿ ಕನಿಷ್ಠ 45 ಪಾಲು ಹಣ್ಣು ಇರಬೇಕು, ಸ್ಟ್ರಾಬೆರಿ ಮತ್ತು ರಾಸ್ಪ್‌ಬೆರಿಗೆ ಮಾತ್ರ 25 ಸಾಕು. ಮೇಲಿನ ಲೆಕ್ಕದಲ್ಲಿ 1275 ಗ್ರಾಂ ಜಾಮಿಗೆ ಪೂರ್ತಿ ಒಂದು ಕಿಲೋ ಹಣ್ಣು ಹೋಗಿದೆ. ಮನೆಯಲ್ಲಿ ಮಾಡಬೇಕೆಂದು ನಾನು ಹಟ ಹಿಡಿಯುವುದಕ್ಕೆ ಈ ಒಂದು ವ್ಯತ್ಯಾಸ ಸಾಕು. ಸಕ್ಕರೆ ಅರ್ಧಕ್ಕೆ ಇಳಿಸುತ್ತೇವೆ ಎನ್ನುವವರು ಇಳಿಸಲಿ, ರುಚಿಗೆ ಕೊರತೆಯಿಲ್ಲ. ಆದರೆ ಅದನ್ನು ಫ್ರಿಜ್‌ನಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಬೇಕು. 65ರ ಪಾಕದಲ್ಲಿ ಸಕ್ಕರೆ ನೀರನ್ನು ಬಿಗಿಯಾಗಿ ಹಿಡಿದಿರುವುದರಿಂದ ಬ್ಯಾಕ್ಟೀರಿಯಾಕ್ಕೆ ಅದು ದಕ್ಕುವುದಿಲ್ಲ. ಬೂಷ್ಟಿಗೆ ಮಾತ್ರ ಕೆಲವೊಮ್ಮೆ ದಕ್ಕುತ್ತದೆ, ಅದಕ್ಕೇ ಕುದಿಸಿದ ಗಾಜಿನ ಬಾಟಲಿ, ಒಣ ಚಮಚ.

ಒಲೆ ಆರಿಸಿದ ಮೇಲೆ ಐದಾರು ನಿಮಿಷ ಬಿಟ್ಟು, ಇನ್ನೂ ಚೆನ್ನಾಗಿ ಬಿಸಿಯಿರುವಾಗ ತುಂಬಿ. ಪಾಕ ತುಸು ಮಂದವಾದರೆ ತುಂಡುಗಳು ಮೇಲಕ್ಕೆ ತೇಲುವುದಿಲ್ಲ. ಬಾಟಲಿ ಚಿಕ್ಕದಿರಲಿ. ಹೈದರಾಬಾದಿನ ಏಪ್ರಿಲ್ ಸೆಖೆಯಲ್ಲಿ ಕಪಾಟಿನಲ್ಲಿಟ್ಟ ಜಾಮ್ ಕೆಡದಿದ್ದರೂ ಬಣ್ಣ ಕಳೆದುಕೊಳ್ಳುತ್ತದೆ. ಫ್ರಿಜ್‌ನಲ್ಲಿಟ್ಟದ್ದು ಬಹುಕಾಲ ಕೆಂಪಾಗಿಯೇ ಇರುತ್ತದೆ.